ಮುಂದಿನ ಪಾಕೆಟ್ ಕ್ಯಾಮೆರಾಗೆ ಮೊದಲು ಕಿವಿ ಬೇಕು

ಎರಡು ಸೀಸನ್‌ನಿಂದ ಡಿಜೆಐ ಕಂಪನಿಯ ಓಸ್ಮೊ ಪಾಕೆಟ್ 3 ಅನ್ನುವ ಪುಟ್ಟ ವಿಡಿಯೋ ಕ್ಯಾಮೆರಾ ಹಿಡಿದು ತುಮಕೂರು ಜಿಲ್ಲೆಯ ಹಳ್ಳಿ ನಾಟಕಗಳನ್ನು ಶೂಟ್ ಮಾಡುತ್ತಿದ್ದೇನೆ. ಸೀಸನ್ ಅಂದರೆ ನಮ್ಮ ಕಡೆ ಸಂಕ್ರಾಂತಿ ಕಳೆದು, ರಾಗಿ ಕಣ ಮುಗಿದ ಮೇಲೆ ಶುರುವಾಗಿ ಮುಂಗಾರು ಹಿಡಿಯುವ ತನಕ. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಹುಡುಗರು ಫೋನ್ ಮಾಡಿ ಕೇಳುತ್ತಾರೆ. ಅಣ್ಣ, ಇದನ್ನೇ ತಗೊಳ್ಳಲಾ, ಇಲ್ಲ ಮುಂದಿನದು ಬರಲಿ ಅಂತ ಕಾಯಲಾ? ಅವರಿಗೋಸ್ಕರ ಬರೆಯುತ್ತಿದ್ದೇನೆ. ಈಗಿರುವ ಕ್ಯಾಮೆರಾ ಬಗ್ಗೆ ಸ್ವಲ್ಪ, ಮುಂದೆ ಬರಬೇಕಾದ್ದರ ಬಗ್ಗೆ ಜಾಸ್ತಿ.

ಗುಬ್ಬಿ ಗೇಟ್ ಹತ್ತಿರ ನಮ್ಮದು ಚಿಕ್ಕ ಸ್ಟುಡಿಯೋ. ಅಪ್ಪ ಶುರು ಮಾಡಿದ್ದು. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಸೈಜ್ ಫೋಟೋ, ಇವೇ ಅನ್ನ ಹಾಕಿದ ಕೆಲಸಗಳು. ನಾಟಕ ಮಾತ್ರ ನಾನಾಗಿ ಇಷ್ಟಪಟ್ಟು ಹಿಡಿದದ್ದು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ನೆಲ ಇದು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಮಂಗಳ. ಏಳೆಂಟು ಗಂಟೆ. ಹಗಲು ತೋಟದಲ್ಲಿ ಗುದ್ದಲಿ ಹಿಡಿಯುವವರು ರಾತ್ರಿ ಕಿರೀಟ ಇಟ್ಟುಕೊಂಡು ಕಂದಪದ್ಯ ಹಾಡುತ್ತಾರೆ. ಅದನ್ನು ಹಾಗೇ ಬಿಟ್ಟರೆ ಗಾಳಿಯಲ್ಲಿ ಹೋಗುತ್ತದೆ ಅಲ್ವಾ?

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಮಿಕ್ಕಿದ್ದೆಲ್ಲ ಅದರಿಂದಲೇ ಬಂದದ್ದು.

ಈ ಕ್ಯಾಮೆರಾ ತಗೊಳ್ಳುವುದಕ್ಕೆ ಮುಂಚೆ, ಗುಬ್ಬಿ ತಾಲ್ಲೂಕಿನ ಒಂದೂರಲ್ಲಿ ನಾಟಕ. ದುರ್ಯೋಧನನ ಪಾತ್ರಕ್ಕೆ ಅರವತ್ತು ದಾಟಿದ ಯಜಮಾನರು. ತೆಂಗು, ಅಡಿಕೆ ಬೇಸಾಯ. ನಮ್ಮ ಕಡೆ ಪಾತ್ರ ಬೇಕು ಅಂದರೆ ಪಾತ್ರಧಾರಿಯೇ ದುಡ್ಡು ಹಾಕಬೇಕು. ಪಾತ್ರ ದೊಡ್ಡದಾದಷ್ಟೂ ದುಡ್ಡು ಜಾಸ್ತಿ. ಯಜಮಾನರು ದುಡ್ಡೂ ಹಾಕಿದ್ದರು, ಮೂರು ತಿಂಗಳು ದಿನಾ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಲಿತೂ ಇದ್ದರು. ಬೆಳಗಿನ ಜಾವ ಮೂರೂವರೆಗೆ ಅವರ ದೊಡ್ಡ ಪದ್ಯ ಬಂತು. ಚಾಪೆ ಮೇಲೆ ತೂಕಡಿಸುತ್ತಿದ್ದ ಜನ ಕಂಬಳಿ ಸರಿಸಿ ಎದ್ದು ಕೂತರು. ಯಜಮಾನರು ಗದೆಯನ್ನು ಹೆಗಲಿಂದ ಇಳಿಸಿದರು. ಒಂದು ಕಾಲು ಹಿಂದಿಟ್ಟು, ತೂಗುಬಿಟ್ಟಿದ್ದ ಮೈಕಿನ ಕೆಳಗೆ ಬಂದು ನಿಂತರು. ಮೊದಲ ಸಾಲು ಪಿಸುಗುಟ್ಟಿದ ಹಾಗೆ. ಎರಡನೇ ಸಾಲಿಗೆ ಏರಿದರು. ಮೂರನೆಯದರ ಕೊನೆಗೆ ಮೇಲಿನ ಷಡ್ಜ ಮುಟ್ಟಿ, ಬಿಡದೆ ಹಿಡಿದು ನಿಂತರು. ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ತಲೆ ಎತ್ತಿ ನೋಡಿದರು. ಜನ ಒನ್ಸ್ ಮೋರ್ ಅಂತ ಕೂಗಿದರು. ನನಗೆ ಕಣ್ಣು ತುಂಬಿತ್ತು.

ಮುಂದಿನ ವಾರ ಪೆನ್‌ಡ್ರೈವ್ ಕೊಡೋಕೆ ಅವರ ಮನೆಗೆ ಹೋದೆ. ಜಗಲಿ ಮೇಲೆ ಕೂತು ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ ಆ ಪದ್ಯ ಹಾಕಿಸಿದರು. ಮೊದಲ ಸಾಲು ಕೇಳಿ ತಲೆ ಆಡಿಸಿದರು. ಮೇಲಿನ ಸ್ವರ ಬಂದಾಗ ಬರ್ರ್ ಅಂತ ಹರಿದ ತಗಡಿನ ಸದ್ದು. ಅವರ ಮುಖ ಸಪ್ಪಗಾಯಿತು. "ಇದು ನಾನಲ್ಲ ಕಣಪ್ಪ" ಅಂದರು. "ನನ್ ಗಂಟ್ಲು ಹಿಂಗ್ ಒಡೆಯಲ್ಲ." ಕೋಪ ಇರಲಿಲ್ಲ ಮಾತಲ್ಲಿ. ಅದೇ ನನಗೆ ಜಾಸ್ತಿ ನೋವಾಗಿದ್ದು. ಕಾಫಿ ಕೊಟ್ಟು, ಹೇಳಿದಷ್ಟು ದುಡ್ಡು ಕೊಟ್ಟು ಕಳಿಸಿದರು.

ತಪ್ಪು ನನ್ನದೇ. ಆವತ್ತು ಬೇರೆ ಒಂದು ಹಳೇ ಕ್ಯಾಮೆರಾ ಇತ್ತು. ಪಿಸುಮಾತೂ ಕೇಳಲಿ ಅಂತ ಸದ್ದಿನ ಮಟ್ಟ ಏರಿಸಿ ಇಟ್ಟಿದ್ದೆ. ಷಡ್ಜ ಬಂದಾಗ ಆ ಮಟ್ಟ ಮೀರಿತು. ಮೀರಿದ ಭಾಗವನ್ನು ಯಂತ್ರ ಕುಯ್ದು ಹಾಕುತ್ತದೆ. ಹಾಗೆ ತಲೆ ಕುಯ್ದ ಸ್ವರವನ್ನು ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಇದ್ದ ಹಾಗೇ ವಾಪಸ್ ತರೋಕೆ ಆಗುವುದಿಲ್ಲ.

ಈಗ ಪಾಕೆಟ್ 3 ಬಗ್ಗೆ. ಇದು 2023ರ ಅಕ್ಟೋಬರ್‌ನಲ್ಲಿ ಬಂತು. ಅಮೆರಿಕದಲ್ಲಿ ಆಗ 519 ಡಾಲರ್. ತೂಕ 179 ಗ್ರಾಂ. ಶರ್ಟಿನ ಜೇಬಿಗೆ ಹಾಕಿಕೊಂಡು ಬೈಕಿನಲ್ಲಿ ಹೋಗಬಹುದು. ಮೇಲೆ ಮೂರು ಅಕ್ಷದ ಗಿಂಬಲ್, ಅಂದರೆ ಕೈ ಅಲುಗಿದರೂ ಕ್ಯಾಮೆರಾದ ತಲೆ ಅಲುಗದ ಹಾಗೆ ಮೋಟರಿನಿಂದ ಹಿಡಿಯುವ ತೋಳು. ಅದರ ತುದಿಯಲ್ಲಿ ಬೆಳಕು ಹಿಡಿಯುವ, ಒಂದು ಇಂಚು ಅನ್ನುವ ವರ್ಗದ ಸೆನ್ಸರ್. ಕತ್ತಲಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ದುರ್ಯೋಧನನ ಕಿರೀಟದ ಮಿರುಗು ಕಾಗದ, ಬೆವರಿಗೆ ಕರಗಿ ಕೆನ್ನೆ ಮೇಲೆ ಇಳಿಯುತ್ತಿರುವ ಬಣ್ಣ, ಎಲ್ಲ ಕಾಣುತ್ತದೆ. ಎರಡು ಇಂಚಿನ ಪರದೆಯನ್ನು ತಿರುಗಿಸಿದರೆ ಕ್ಯಾಮೆರಾ ಆನ್. ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ. ಪಾತ್ರಧಾರಿ ರಂಗದ ಈ ತುದಿಯಿಂದ ಆ ತುದಿಗೆ ಹೋದರೆ ಮುಖ ಹಿಡಿದು ತಾನೇ ತಿರುಗುತ್ತದೆ. ಮೊದಲು ಈ ಕೆಲಸಕ್ಕೆ ಚಿಕ್ಕಪ್ಪನ ಮಗನನ್ನು ರಾತ್ರಿಯಿಡೀ ಟ್ರೈಪಾಡ್ ಹಿಂದೆ ನಿಲ್ಲಿಸುತ್ತಿದ್ದೆ. ಈಗ ಅವನು ಎರಡನೇ ಕ್ಯಾಮೆರಾ ಹಿಡಿಯುತ್ತಾನೆ.

ಹೊಸಬರಿಗೆ ಒಂದು ಮಾತು. ತಗೊಂಡ ದಿನವೇ ಸೆಕೆಂಡಿಗೆ 25 ಫ್ರೇಮ್ (ಚಿತ್ರ), ಒಂದೊಂದಕ್ಕೂ ಸೆಕೆಂಡಿನ 1/50 ಭಾಗ ಬೆಳಕು ಬಿಡುವ ಶಟರ್‌ಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿಣುಗುತ್ತದೆ. 30 ಫ್ರೇಮ್, 1/60 ಇಟ್ಟರೆ ವಿಡಿಯೋದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ. ರಂಗದ ಪರದೆ, ದೀಪ ಬಾಡಿಗೆಗೆ ಕೊಡುವ ಸೀನರಿಯವರು ತರುವ ಬಣ್ಣದ ಎಲ್‌ಇಡಿ ದೀಪಗಳ ಲೆಕ್ಕ ಇನ್ನೂ ಬೇರೆ. ಬೆಳಕು ಕಡಿಮೆ ಮಾಡೋಕೆ ಅವು ತಮ್ಮದೇ ವೇಗದಲ್ಲಿ ಆರಿ ಹತ್ತುತ್ತಿರುತ್ತವೆ. ದೊಡ್ಡ ಕ್ಯಾಮೆರಾಗಳಲ್ಲಿ ಶಟರನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ ಇದಕ್ಕೆ ಹೊಂದಿಸಬಹುದು. ಮುಂದೆ ಬರುವ ಕೈ ಕ್ಯಾಮೆರಾ ಈ ಮಿಣುಕನ್ನು ತಾನೇ ಅಳೆದು ಹೊಂದಿಕೊಳ್ಳಬೇಕು.

ಆದರೆ ಚಿತ್ರದ ವಿಷಯದಲ್ಲಿ ನನ್ನ ಆಸೆ ಹೆಚ್ಚು ಕಡಿಮೆ ಇಷ್ಟಕ್ಕೇ ಮುಗಿಯಿತು. ಇನ್ನೂ ಸೂಕ್ಷ್ಮವಾಗಿ ಕಾಣುವ 8ಕೆ ವಿಡಿಯೋ ಬರಬಹುದು. ಎರಡನೇ ಲೆನ್ಸ್ ಬರಬಹುದು. ಈಗಿನದರಲ್ಲಿ ಲೆನ್ಸಿನಿಂದಲೇ ಹತ್ತಿರಕ್ಕೆ ಎಳೆಯುವ ಆಪ್ಟಿಕಲ್ ಜೂಮ್ ಇಲ್ಲ, ಹಾಗಾಗಿ ಎರಡನೇ ಲೆನ್ಸ್ ಬಂದರೆ ಸಂತೋಷ. 8ಕೆ ನನಗೆ ಬೇಡ. ಸೆಕೆಂಡಿಗೆ 100 ಮೆಗಾಬಿಟ್ ಅಂತ ಇಟ್ಟುಕೊಂಡರೆ ಈಗಲೇ ಗಂಟೆಗೆ 45 ಜಿಬಿ. ಎಂಟು ಗಂಟೆಗೆ 360 ಜಿಬಿ. ಒಂದು ಸೀಸನ್‌ಗೆ ಮೂವತ್ತು ನಾಟಕ ಆದರೆ ಅದನ್ನೆಲ್ಲ ಎಲ್ಲಿಡಲಿ?

ಫೋನ್ ಇರುವಾಗ ಕೈಗೆ ಇನ್ನೊಂದು ಯಂತ್ರ ಯಾಕೆ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಫ್ಲಿಪ್ ಅಂತ ಒಂದು ಪುಟ್ಟ ವಿಡಿಯೋ ಕ್ಯಾಮೆರಾ ಇತ್ತು, ಹಿಂದೆ ಒಂದು ದೊಡ್ಡ ಕೆಂಪು ಬಟನ್. ಸಿಸ್ಕೊ ಕಂಪನಿ 2009ರಲ್ಲಿ ಸುಮಾರು 59 ಕೋಟಿ ಡಾಲರ್ ಕೊಟ್ಟು ಅದನ್ನು ತಯಾರಿಸುತ್ತಿದ್ದವರನ್ನು ಕೊಂಡಿತು. 2011ರ ಏಪ್ರಿಲ್‌ನಲ್ಲಿ ಆ ವ್ಯಾಪಾರವನ್ನೇ ಮುಚ್ಚುತ್ತೇವೆ ಅಂತ ಹೇಳಿತು. ಅಷ್ಟರಲ್ಲಿ ಎಲ್ಲರ ಜೇಬಿನ ಫೋನೂ ವಿಡಿಯೋ ತೆಗೆಯುತ್ತಿತ್ತು. ಫೋನು ಮಾಡುವ ಕೆಲಸವನ್ನೇ ಮಾಡುವ ಯಂತ್ರ ಉಳಿಯುವುದಿಲ್ಲ. ಪಾಕೆಟ್ ಉಳಿದಿದ್ದು ಗಿಂಬಲ್‌ನಿಂದ. ಫೋನಿನ ಹೊಟ್ಟೆಯೊಳಗೆ ಅಂಥ ಗಿಂಬಲ್ ಹಿಡಿಸುವುದು ಕಷ್ಟ. ಹಾಗೇ ಫೋನಿಗೆ ಹಿಡಿಸದ ಇನ್ನೊಂದು ವಿಷಯ ಇದೆ. ಅದು ಒಳ್ಳೆಯ ಕಿವಿ. ಮುಂದಿನ ಯಂತ್ರ ಮಾಡುವವರು ಅಲ್ಲಿ ಕೈ ಹಾಕಬೇಕು.

ಏನು ಬೇಕು ಅಂದರೆ, ಮೊದಲು 32 ಬಿಟ್ ಫ್ಲೋಟ್ ರೆಕಾರ್ಡಿಂಗ್. ಹೆಸರು ಕೇಳಿ ಗಾಬರಿ ಬೇಡ. ಸಿ.ಡಿ.ಯ 16 ಬಿಟ್ಟಿನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ಇರುವ ಅಂತರ ಸುಮಾರು 96 ಡೆಸಿಬೆಲ್. 24 ಬಿಟ್ಟಿಗೆ 144. 32 ಬಿಟ್ ಫ್ಲೋಟ್‌ನಲ್ಲಿ ಲೆಕ್ಕಕ್ಕೆ 1500ಕ್ಕೂ ಜಾಸ್ತಿ. ಅಂದರೆ ಫೈಲಿನೊಳಗೆ ಸ್ವರದ ತಲೆ ಕುಯ್ಯುವ ಪ್ರಶ್ನೆಯೇ ಇಲ್ಲ. ಮಟ್ಟ ಎಷ್ಟಕ್ಕೆ ಇಟ್ಟೆ ಅಂತ ಯೋಚನೆ ಮಾಡಬೇಕಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಇಳಿಸಿದರೆ ಷಡ್ಜ ಷಡ್ಜವಾಗೇ ಇರುತ್ತದೆ, ಏರಿಸಿದರೆ ಪಿಸುಮಾತು ಕೇಳುತ್ತದೆ. ಮೈಕ್ರೊಫೋನೇ ತಡೆಯದೆ ಒಡೆದರೆ ಮಾತ್ರ ಇದರಿಂದ ಉಪಯೋಗ ಇಲ್ಲ. ಇದು ಕನಸಿನ ತಂತ್ರವೂ ಅಲ್ಲ. ಸದ್ದಿನ ರೆಕಾರ್ಡರ್ ಮಾಡುವ ಜೂಮ್ ಅನ್ನುವ ಕಂಪನಿಯ ಎಫ್6 ರೆಕಾರ್ಡರಿನಲ್ಲಿ 2019ರಲ್ಲೇ ಬಂತು. 2024ರಲ್ಲಿ ಅದೇ ಕಂಪನಿಯ ಎಚ್1 ಎಸೆನ್ಶಿಯಲ್ ಅನ್ನುವ ಪುಟ್ಟ ರೆಕಾರ್ಡರಿಗೂ ಬಂತು. ಡಿಜೆಐನವರದೇ ಮೈಕ್ 2 ಅನ್ನುವ ಕಾಲರ್ ಮೈಕಿನಲ್ಲೂ ಇದೆ, ಅದು ಪಾಕೆಟ್ 3ಕ್ಕೆ ವೈರಿಲ್ಲದೆ ನೇರವಾಗಿ ಕೂಡಿಕೊಳ್ಳುತ್ತದೆ. ಬಿಡಿ ಬಿಡಿಯಾಗಿ ಎಲ್ಲ ಇದೆ. ಒಂದೇ ಕೈಹಿಡಿಯೊಳಗೆ ಕೂರಿಸಬೇಕು ಅಷ್ಟೇ.

ಹಾಗಾದರೆ ಬೇರೆ ರೆಕಾರ್ಡರ್ ಇಟ್ಟುಕೊಂಡರೆ ಆಯಿತಲ್ಲ ಅನ್ನಬಹುದು. ನಾನು ಈಗ ಮಾಡುತ್ತಿರುವುದೂ ಅದನ್ನೇ. ಮೇಷ್ಟ್ರ ಪಕ್ಕ ಒಂದು ರೆಕಾರ್ಡರ್, ಜನರ ಮಧ್ಯೆ ಕ್ಯಾಮೆರಾ. ಸಮಸ್ಯೆ ಗಡಿಯಾರದ್ದು. ಪ್ರತಿ ಯಂತ್ರದೊಳಗೂ ಒಂದು ಹರಳು ಕಾಲ ಎಣಿಸುತ್ತಿರುತ್ತದೆ. ಎರಡು ಹರಳು ಒಂದೇ ಥರ ಎಣಿಸುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಕೇಳೋಕೆ ಏನೂ ಅಲ್ಲ. ಎಂಟು ಗಂಟೆ ಅಂದರೆ 28,800 ಸೆಕೆಂಡ್, ಅಷ್ಟಕ್ಕೆ ಲೆಕ್ಕ ಹಾಕಿದರೆ ಅರ್ಧ ಸೆಕೆಂಡ್ ದಾಟುತ್ತದೆ. ಗಣಪತಿ ಸ್ತುತಿಯಲ್ಲಿ ತುಟಿಗೂ ದನಿಗೂ ಹೊಂದಿಸಿದ್ದು ಬೆಳಗಿನ ಮಂಗಳಕ್ಕೆ ಬರುವಷ್ಟರಲ್ಲಿ ಬಿಟ್ಟುಹೋಗಿರುತ್ತದೆ. ಬಾಯಿ ಮುಚ್ಚಿದ ಮೇಲೆ ಪದ್ಯ ಬರುತ್ತದೆ. ಅರ್ಧ ಗಂಟೆಗೊಮ್ಮೆ ಕತ್ತರಿಸಿ ಹೊಂದಿಸಿ, ಮತ್ತೆ ಕತ್ತರಿಸಿ ಹೊಂದಿಸಿ ನನ್ನ ಎರಡು ದಿನ ಹೋಗುತ್ತದೆ. ಚಿತ್ರ, ದನಿ ಎರಡಕ್ಕೂ ಒಂದೇ ಗಡಿಯಾರ ಬೇಕು. ಇಲ್ಲ ರೆಕಾರ್ಡರಿನ ಗಡಿಯಾರವನ್ನು ಕ್ಯಾಮೆರಾ ರಾತ್ರಿಯಿಡೀ ತಿದ್ದುತ್ತಾ ಇರಬೇಕು.

ಇನ್ನೊಂದು ದಾರಿ ಮೈಕ್ ಸೆಟ್‌ನವರ ಮಿಕ್ಸರಿನಿಂದ ನೇರವಾಗಿ ವೈರ್ ಎಳೆಯುವುದು. ಎಷ್ಟೋ ಸಲ ಎಳೆದಿದ್ದೇನೆ. ವೈರ್ ಚುಚ್ಚಿದ ತಕ್ಷಣ ಗುಂಯ್ ಅಂತ ಶುರು. ಅವರ ಆಂಪ್ಲಿಫೈಯರಿಗೆ ಒಂದು ಕಡೆ ಅರ್ಥಿಂಗ್, ನನ್ನ ಚಾರ್ಜರಿಗೆ ಇನ್ನೊಂದು ಕಡೆ. ಎರಡರ ನಡುವೆ ವೈರಿನಲ್ಲಿ ಕರೆಂಟು ಸುತ್ತು ಹೊಡೆಯುತ್ತದೆ, ಆ 50 ಹರ್ಟ್ಸ್ ನಮಗೆ ಗುಂಯ್ ಅಂತ ಕೇಳುತ್ತದೆ. ಮಧ್ಯೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಿದರೆ ನಿಲ್ಲುತ್ತದೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಿಂದ ತಂದ ಒಂದು ಡಬ್ಬಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಅಲ್ಲದೆ ಪಾಕೆಟ್ 3ರ ಮೈಯಲ್ಲಿ 3.5 ಮಿಲಿಮೀಟರಿನ ತೂತಿಲ್ಲ. ಟೈಪ್-ಸಿ ತೂತಿಗೆ ಅಡಾಪ್ಟರ್ ಹಾಕಬೇಕು. ಇರುವುದು ಅದೊಂದೇ. ಅಲ್ಲಿ ಪವರ್ ಬ್ಯಾಂಕ್ ಚುಚ್ಚಲಾ, ಮೈಕ್ ವೈರ್ ಚುಚ್ಚಲಾ? ಊರಿನ ರಾತ್ರಿ ಗೊತ್ತಿರುವವರು ಎರಡು ತೂತು ಕೊಡುತ್ತಾರೆ. ಟ್ರಾನ್ಸ್‌ಫಾರ್ಮರನ್ನೂ ಒಳಗೇ ಇಡುತ್ತಾರೆ. ಅದನ್ನು ಇಡುವ ದಿನ ಬಂದರೆ ಜಿಲ್ಲೆಯ ಎಲ್ಲ ಮೈಕ್ ಸೆಟ್‌ನವರಿಗೂ ನಾನೇ ಹೋಗಿ ತೋರಿಸುತ್ತೇನೆ.

ಆಮೇಲೆ ಬ್ಯಾಟರಿ. ಪಾಕೆಟ್ 3ರದು 1300 ಎಂಎಎಚ್. ಕಂಪನಿ ಹೇಳುವ ಲೆಕ್ಕ 1080ಪಿ (ಫುಲ್ ಎಚ್‌ಡಿ), 24 ಫ್ರೇಮ್‌ನಲ್ಲಿ 166 ನಿಮಿಷ. 16 ನಿಮಿಷಕ್ಕೆ ಶೇಕಡ 80 ತುಂಬುತ್ತದೆ, ಅದು ದೊಡ್ಡ ಅನುಕೂಲ. ವ್ಲಾಗ್ ಮಾಡುವವರಿಗೆ ಧಾರಾಳ ಸಾಕು. ಎಂಟು ಗಂಟೆಯ ನಾಟಕಕ್ಕೆ ಪವರ್ ಬ್ಯಾಂಕ್ ಕಟ್ಟಲೇಬೇಕು. ಒಳಗಿನ ಬ್ಯಾಟರಿ ಬಿಚ್ಚೋಕೆ ಬರುವುದಿಲ್ಲ. ನಾನು ಕೇಳುವುದು ಇಷ್ಟೇ. ಗಿಂಬಲ್ಲಿನ ಮೋಟರು ಹೊರುವುದು ತಲೆಯನ್ನು ಮಾತ್ರ. ಹಿಡಿ ಎಷ್ಟು ದಪ್ಪ ಆದರೂ ಅದಕ್ಕೆ ಭಾರ ಇಲ್ಲ. ಫೋನುಗಳಲ್ಲೇ 7000 ಎಂಎಎಚ್ ಬರುತ್ತಿರುವ ಕಾಲ ಇದು. ಹಿಡಿಯನ್ನು ಸ್ವಲ್ಪ ದಪ್ಪ ಮಾಡಿ, ಟಾರ್ಚಿಗೆ ಸೆಲ್ ಹಾಕುವ ಹಾಗೆ ಬ್ಯಾಟರಿ ಬದಲಿಸೋಕೆ ಬಿಡಿ. ಇದು ಬಂದೇ ಬರುತ್ತದೆ ಅನ್ನೋಕೆ ಕಾರಣವೂ ಇದೆ. ಯುರೋಪ್ ಒಕ್ಕೂಟ 2023ರಲ್ಲಿ ಬ್ಯಾಟರಿ ಕಾನೂನು ಮಾಡಿತು. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಚಿಕ್ಕ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ಕೆಲವಕ್ಕೆ ವಿನಾಯಿತಿ ಇದೆ. ಆದರೂ ಅಲ್ಲಿಗೆ ಒಂದು ಥರ, ನಮಗೆ ಇನ್ನೊಂದು ಥರ ಅಂತ ಎರಡು ಅಚ್ಚು ಮಾಡೋದು ಕಂಪನಿಗಳಿಗೆ ಖರ್ಚಿನ ಬಾಬತ್ತು. ಅಲ್ಲಿಯ ಕಾನೂನು ನಮ್ಮ ಗುಬ್ಬಿಯ ರಾತ್ರಿಗೂ ಉಪಕಾರ ಮಾಡಬಹುದು.

ಬ್ಯಾಟರಿ ಮಾತು ಬಂದಾಗ ಇನ್ನೊಂದು ಹೇಳಬೇಕು. ಒಂದು ಸಲ ಸುಮ್ನೆ ಇರಲಿ ಅಂತ ಫೋನನ್ನೂ ರಂಗದ ಪಕ್ಕ ರೆಕಾರ್ಡಿಗೆ ಇಟ್ಟಿದ್ದೆ. ನಡುವೆ ಸತ್ತುಹೋಯಿತು. ಎರಡು ಗಂಟೆಯ ಫೈಲು ಇದೆ, ಆದರೆ ತೆರೆಯುವುದಿಲ್ಲ. ಸಾಮಾನ್ಯವಾಗಿ ಎಂಪಿ4 ಫೈಲಿನ ಸೂಚಿಯನ್ನು ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯುತ್ತಾರೆ. ಅದಕ್ಕೆ ಮುಂಚೆ ಜೀವ ಹೋದರೆ ಪುಟ ಎಲ್ಲ ಇದ್ದರೂ ಯಾವುದು ಎಲ್ಲಿ ಅಂತ ಗೊತ್ತಾಗುವುದಿಲ್ಲ. ತುಂಡು ತುಂಡಾಗಿ, ಪ್ರತಿ ತುಂಡಿಗೂ ಸೂಚಿ ಬರೆಯುತ್ತಾ ಹೋಗುವ ವಿಧಾನವೂ ಇದೆ. ಹಾಗೆ ಮಾಡಿದರೆ ಹೋಗುವುದು ಕೊನೆಯ ಕೆಲವು ಸೆಕೆಂಡ್ ಮಾತ್ರ. ಮುಂದಿನ ಯಂತ್ರದಲ್ಲಿ ಇದು ಇರಲೇಬೇಕು. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆಯುವಂಥ ವಿಷಯ ಅಲ್ಲ, ಆದರೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ಹೆಬ್ಬೆರಳಿನ ಕೆಳಗೆ ಒಂದು ಗುರುತಿನ ಬಟನ್ ಕೊಡಿ. ಪದ್ಯ ಶುರುವಾದಾಗ ಒಂದು ಸಲ ಒತ್ತುತ್ತೇನೆ. ಎಡಿಟಿಂಗಿಗೆ ಕೂತಾಗ ಎಂಟು ಗಂಟೆ ಉದ್ದಕ್ಕೂ ಹುಡುಕುವುದು ತಪ್ಪುತ್ತದೆ. ಕನ್ನಡದಲ್ಲಿ ಮೆನು, ಕನ್ನಡದ ಮಾತು ಕೇಳಿ ಅಲ್ಲೇ ಬರೆದುಕೊಳ್ಳುವ ಗುಣ, ಇವೂ ಬರಲಿ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡವೂ ಸೇರಿ ನಮ್ಮ ಭಾಷೆಗಳಿಗೆ ಮಾತು ಕೇಳಿ ಬರೆಯುವ ಎಐ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಮಾತಿಗೆ ಅವು ನಡೆಯಬಹುದು. ರಾಗವಾಗಿ ಎಳೆದ ಕಂದಪದ್ಯವನ್ನು ಬಿಡಿಸಿ ಬರೆಯೋಕೆ ಇನ್ನೂ ದಿನ ಹಿಡಿಯುತ್ತದೆ ಅಂತ ನನ್ನ ಅನಿಸಿಕೆ. ಅದಕ್ಕೂ ಮೊದಲು ಪದ್ಯ ಒಡೆಯದೆ ರೆಕಾರ್ಡ್ ಆಗಿರಬೇಕು.

ಕಳೆದ ವರ್ಷ ನನ್ನ ಒಂದು ವಿಡಿಯೋದ ತುಣುಕು ತಗೊಂಡು, ಮೇಲೆ ಬೇರೆ ಯಾರದೋ ಹಾಡು ಕೂರಿಸಿ ಯಾರೋ ಹರಿಬಿಟ್ಟಿದ್ದರು. ಪಾತ್ರಧಾರಿ ನನಗೆ ಫೋನ್ ಮಾಡಿ ಬೇಜಾರು ಮಾಡಿಕೊಂಡರು. ಇದು ನಾನು ಮಾಡಿದ್ದಲ್ಲ ಅಂತ ತೋರಿಸೋಕೆ ನನ್ನ ಹತ್ತಿರ ಬಾಯಿಮಾತು ಬಿಟ್ಟರೆ ಏನೂ ಇರಲಿಲ್ಲ. ಇದಕ್ಕೂ ದಾರಿ ಇದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾ ಫೋಟೋ ತೆಗೆಯುವಾಗಲೇ ಅದರೊಳಗೆ ಡಿಜಿಟಲ್ ರುಜು ಹಾಕುತ್ತದೆ. ಆಮೇಲೆ ಯಾರಾದರೂ ತಿದ್ದಿದರೆ ರುಜು ಹೊಂದುವುದಿಲ್ಲ. ಅದು ತುಂಬಾ ದುಬಾರಿ ಕ್ಯಾಮೆರಾ. ಅದೇ ರುಜು ಕೈ ಕ್ಯಾಮೆರಾದ ಚಿತ್ರಕ್ಕೂ ದನಿಗೂ ಸೇರಿ ಬರಬೇಕು. ಈ ಮುಖದ್ದೇ ಈ ದನಿ ಅಂತ ಯಂತ್ರವೇ ಸಾಕ್ಷಿ ಹೇಳಬೇಕು.

ಈಗ ಹುಡುಗರ ಪ್ರಶ್ನೆಗೆ ಉತ್ತರ. ಮದುವೆ, ಜಾತ್ರೆ, ರೀಲ್ಸ್, ತೋಟದ ವಿಡಿಯೋ ಮಾಡುವವರು ಕಾಯಬೇಡಿ. ಪಾಕೆಟ್ 3 ಒಳ್ಳೆಯ ಕ್ಯಾಮೆರಾ, ಕೆಲಸ ಕೊಡುತ್ತದೆ. ನೀರಿಗೆ ಮಾತ್ರ ತೋರಿಸಬೇಡಿ, ಅದಕ್ಕೆ ನೀರು ತಡೆಯುವ ಕವಚ ಇಲ್ಲ. ಮಾಘದ ಇಬ್ಬನಿಗೆ ಒಂದು ಟವೆಲ್ ಜೊತೆಗಿರಲಿ. ನಾಟಕ, ಭಜನೆ, ಹರಿಕಥೆ, ಸೋಬಾನೆ ಹಿಡಿಯುವವರು ಇದ್ದ ದುಡ್ಡನ್ನೆಲ್ಲ ಚಿತ್ರಕ್ಕೇ ಸುರಿಯಬೇಡಿ. ಹಳೇ ಪಾಕೆಟ್ ಸಿಕ್ಕರೂ ಪರವಾಗಿಲ್ಲ, ಉಳಿದ ದುಡ್ಡಿನಲ್ಲಿ 32 ಬಿಟ್ ಫ್ಲೋಟ್ ಇರುವ ರೆಕಾರ್ಡರ್ ತಗೊಳ್ಳಿ. ಹಿಂದೆ ಕಂಪನಿ ನಾಟಕದ ಹಾಡುಗಳು ಗ್ರಾಮಫೋನ್ ಪ್ಲೇಟಿಗೆ ಬಂದಾಗ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟೇ ಜಾಗ. ಚಿತ್ರ ಇಲ್ಲವೇ ಇಲ್ಲ. ನಮ್ಮ ಅಜ್ಜಂದಿರು ಆ ಪ್ಲೇಟು ಕೇಳಿಯೇ ಮಟ್ಟು ಕಲಿತರು.

ನಾನು ಹೇಳಿದಂಥ ಯಂತ್ರ ಬಂದರೆ, ಒಂದೇ ಗಡಿಯಾರ, ಎರಡು ತೂತು, ಬಿಚ್ಚಿ ಹಾಕುವ ಬ್ಯಾಟರಿ, ಒಡೆಯದ ದನಿ, ಇಷ್ಟಿದ್ದರೆ ಅರವತ್ತು ಸಾವಿರ ಆದರೂ ಕೊಡುತ್ತೇನೆ. ಹತ್ತು ನಾಟಕಕ್ಕೆ ದುಡ್ಡು ವಾಪಸ್. ಮೂರು ವರ್ಷದೊಳಗೆ ಯಾರಾದರೂ ತರುತ್ತಾರೆ ಅಂತ ನಂಬಿದ್ದೇನೆ.

ಯಜಮಾನರು ಹೋದ ತಿಂಗಳು ಸ್ಟುಡಿಯೋಗೆ ಬಂದಿದ್ದರು. ಈ ಶಿವರಾತ್ರಿಗೆ ಮತ್ತೆ ನಾಟಕ, ಮತ್ತೆ ಅದೇ ಪಾತ್ರ. ಮೇಷ್ಟ್ರು ಈ ಸಲ ಶ್ರುತಿ ಅರ್ಧ ಮನೆ ಇಳಿಸೋಣ ಅಂದಿದ್ದಾರಂತೆ, ಇವರು ಒಪ್ಪಿಲ್ಲ. ಹೊಸ ರೆಕಾರ್ಡರನ್ನು ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಇದುಕ್ಕೆ ಹತ್ರ ನಿಂತ್ಕಳ್ಳಾ, ದೂರ ನಿಂತ್ಕಳ್ಳಾ?" ಅಂತ ಕೇಳಿದರು. ಎಲ್ಲಿ ಬೇಕಾದರೂ ನಿಂತ್ಕೊಳ್ಳಿ ಯಜಮಾನ್ರೇ ಅಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಮುಂದಕ್ಕೆ ಎಳೆದು, ಆ ಮೂರನೇ ಸಾಲನ್ನು ಅಲ್ಲೇ ನಿಂತು ಒಂದು ಸಲ ಹಾಡಿದರು. ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೊನೆ ತನಕ ಕೇಳಿದರು. "ಇನ್ನೊಂದ್ ಸಲ ಹಾಕಪ್ಪ" ಅಂದರು.